ಕಾಲ ಮತ್ತು ಕೆಲಸ: ನಾನು ತಪ್ಪಿದ ಒಂದು ಲೆಕ್ಕ



ನನ್ನ ಬಳಿ ಗಣಿತ ಕಲಿತವರಿಗೆ 'ಕಾಲ ಮತ್ತು ಕೆಲಸ' ಎಂಬ ಅಧ್ಯಾಯ ನೆನಪಿರಬಹುದು. "6 ಜನರು ಒಂದು ಕಟ್ಟಡಕ್ಕೆ 10 ದಿನಗಳಲ್ಲಿ ಬಣ್ಣ ಬಳಿದರೆ 4 ಜನರಿಗೆ ಎಷ್ಟು ದಿನಗಳು ಬೇಕು?" ಕಪ್ಪುಹಲಗೆಯ ಮೇಲೆ ಈ ಲೆಕ್ಕವನ್ನು ಎಷ್ಟು ವರ್ಷ ಬರೆದೆನೋ! "ಹದಿನೈದು ದಿನ ಸರ್" ಎಂದು ಕೊನೆಯ ಬೆಂಚಿನಿಂದಲೂ ಉತ್ತರ ಬರುತ್ತಿತ್ತು. ಉತ್ತರವೇನೋ ಸರಿ. ಆದರೆ ಹಳೆಯ ಬಣ್ಣವನ್ನು ಕೆರೆಯುವವರು ಯಾರು, ನೆಲಕ್ಕೆ ಕಾಗದ ಹಾಸುವವರು ಯಾರು, ಸಂಜೆ ಕುಂಚ ತೊಳೆಯುವವರು ಯಾರು, ಅದಕ್ಕೆ ಎಷ್ಟು ಹೊತ್ತು ಬೇಕು ಎಂದು ನಾನೂ ಕೇಳಲಿಲ್ಲ, ನೀವೂ ಕೇಳಲಿಲ್ಲ. ನಿವೃತ್ತಿಯಾಗಿ ಎಷ್ಟೋ ವರ್ಷಗಳ ಬಳಿಕ ಬಣ್ಣ ಸಿಂಪಡಿಸುವ ಒಂದು ವಿದ್ಯುತ್ ಯಂತ್ರವೂ, ಅದೇ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗನೂ ಸೇರಿ ಆ ಲೆಕ್ಕವನ್ನು ನನಗೆ ಮತ್ತೆ ಕಲಿಸಿದರು. ಇತ್ತೀಚೆಗೆ ನಿಮ್ಮಲ್ಲಿ ಕೆಲವರು ಇಂಥ ಯಂತ್ರ ಕೊಳ್ಳಬಹುದೇ ಎಂದು ದೂರವಾಣಿಯಲ್ಲಿ ಕೇಳಿದ್ದೀರಿ. ಆದ್ದರಿಂದ ನನ್ನ ಪೇಚಾಟವನ್ನೂ, ಅದರ ಹಿಂದಿರುವ ನಾಚಿಕೆಯನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

2022ರ ದೀಪಾವಳಿ ಕಳೆದಿತ್ತು. ಮನೆಯಲ್ಲಿ ಮೊಮ್ಮಗನ ಉಪನಯನ ನಿಶ್ಚಯವಾಗಿತ್ತು. ಮಲೆನಾಡಿನ ಮಳೆಯಲ್ಲಿ ನಿಂತ ಕಬ್ಬಿಣದ ಗೇಟು, ಕಿಟಕಿಯ ಗ್ರಿಲ್ಲುಗಳು, ಜಗಲಿಯ ಬೆತ್ತದ ಕುರ್ಚಿಗಳು, ತಂದೆಯವರ ಕಾಲದ ಕೆತ್ತನೆಯ ಬಾಗಿಲು, ಎಲ್ಲವೂ ಬಣ್ಣ ಬೇಡುತ್ತಿದ್ದವು. ಊರಿನಲ್ಲಿ ಬಣ್ಣದ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯನ್ನು ಕರೆದು ತೋರಿಸಿದೆ. (ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವನಿಗೆ ಅದು ಬೇಡ.) ಎಲ್ಲವನ್ನೂ ನೋಡಿ, "ಕುಂಚದಲ್ಲಿ ಮಾಡಿದ್ರೆ ಆರು ದಿನ ಬೇಕು ಸರ್" ಎಂದ. ಆರು ದಿನದ ಕೂಲಿ ನನಗೆ ಹೆಚ್ಚೆನಿಸಿತು. ಅಷ್ಟರಲ್ಲಿ ಬೆಂಗಳೂರಿನ ಮಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಕೈಯಲ್ಲಿ ಪಿಸ್ತೂಲಿನಂತಹ ಸಾಧನ ಹಿಡಿದ ಒಬ್ಬಾತ ನಗುನಗುತ್ತಾ ಬೇಲಿಯೊಂದಕ್ಕೆ ಬಣ್ಣ ಹೊಡೆಯುತ್ತಿದ್ದ. ಎರಡೇ ನಿಮಿಷದಲ್ಲಿ ಬೇಲಿ ಮದುವಣಗಿತ್ತಿಯಂತೆ ಕಂಗೊಳಿಸಿತು. 'ಆರು ದಿನದ ಕೆಲಸ ಒಂದೇ ದಿನಕ್ಕೆ' ಎಂದು ನನ್ನೊಳಗಿನ ಗಣಿತದ ಮೇಷ್ಟರು ಲೆಕ್ಕ ಹಾಕಿಯೇಬಿಟ್ಟರು. ಯಂತ್ರ ತರಿಸಿದೆ.

ಮೊದಲ ದಿನದ ವೈಭವವನ್ನು ಏನೆಂದು ಹೇಳಲಿ! ಡಬ್ಬಿಯಿಂದ ನೇರವಾಗಿ ಎನಾಮಲ್ ಬಣ್ಣವನ್ನು ಪಾತ್ರೆಗೆ ಸುರಿದು ಗುಂಡಿ ಒತ್ತಿದೆ. ಮೋಟಾರು ಹುಲಿಯಂತೆ ಗರ್ಜಿಸಿತು. ಬಣ್ಣ ಮಾತ್ರ ಬರಲಿಲ್ಲ. ಇನ್ನಷ್ಟು ಒತ್ತಿದೆ. ಕೆಮ್ಮಿದಂತೆ 'ಥೂ ಥೂ' ಎಂದು ನಾಲ್ಕು ಹನಿ ಉಗುಳಿತು. ಬಣ್ಣ ಬಹಳ ಗಟ್ಟಿಯಿದೆಯೆಂದು ಟರ್ಪೆಂಟೈನ್ ಧಾರಾಳವಾಗಿ ಸುರಿದೆ. ಈಗ ಬಣ್ಣ ಬಂದಿತು, ಆದರೆ ಗ್ರಿಲ್ಲಿನ ಮೇಲೆ ನಿಲ್ಲದೆ ಕಣ್ಣೀರಿನಂತೆ ಇಳಿಯತೊಡಗಿತು. ಗ್ರಿಲ್ಲಿನ ಸಂದುಗಳಿಂದ ಹಾದುಹೋದ ಬಣ್ಣ ಒಳಗೆ ಒಣಹಾಕಿದ್ದ ನನ್ನ ಪತ್ನಿಯ ಸೀರೆಯ ಮೇಲೆ ಕುಳಿತಿತು. ಅಂದು ನಾನು ಕೇಳಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಸಿಟ್ಟಿನಿಂದ ಯಂತ್ರವನ್ನು ಹಾಗೆಯೇ ಜಗಲಿಯ ಮೂಲೆಯಲ್ಲಿಟ್ಟು, ಮಾರಿದವರಿಗೆ ಫೋನು ಮಾಡಿ ಕೂಗಾಡಿದೆ. ಮರುದಿನ ನೋಡಿದರೆ ಗನ್ನಿನ ಬಾಯಿ ಕಲ್ಲಾಗಿತ್ತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ!

ಕೊನೆಗೆ ಅದೇ ವಿದ್ಯಾರ್ಥಿಯನ್ನು ಕರೆಸಬೇಕಾಯಿತು. ಅವನು ಬಂದವನೇ ಯಂತ್ರವನ್ನು ತಿರುಗಿಸಿ ನೋಡಿ, "ಮಿಷನ್ ಕೆಟ್ಟಿಲ್ಲ ಸರ್. ತೊಳೆದಿಲ್ಲ ಅಷ್ಟೆ" ಎಂದ. ಟರ್ಪೆಂಟೈನಿನಲ್ಲಿ ಬಿಡಿಭಾಗಗಳನ್ನು ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಂದೊಂದನ್ನೇ ಬಟ್ಟೆಯ ಮೇಲೆ ಜೋಡಿಸಿಟ್ಟ. ನಾನು ತಂತಿಯಿಂದ ರಂಧ್ರವನ್ನು ಚುಚ್ಚಲು ಹೋದಾಗ ಕೈ ಹಿಡಿದು ತಡೆದ. "ತೂತು ಒಂದು ಕೂದಲಷ್ಟು ಸೊಟ್ಟ ಆದ್ರೂ ಬಣ್ಣ ಸೊಟ್ಟ ಹೋಗುತ್ತೆ ಸರ್. ಮರದ ಕಡ್ಡಿ ತಗೊಳ್ಳಿ."

ಇಷ್ಟು ತಿಳಿವಳಿಕೆ ಅವನಿಗೆ ಎಲ್ಲಿಂದ ಬಂತೆಂದು ಕೇಳಿದೆ. "ತೋಟದಿಂದ" ಎಂದ. ಮಳೆಗಾಲದಲ್ಲಿ ಅವನು ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ತಂಡದೊಡನೆ ಹೋಗುತ್ತಾನೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಇದು ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠವಾದ ಬೋರ್ಡೋ ದ್ರಾವಣದ ಲೆಕ್ಕ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಔಷಧಿಯನ್ನು ತೋಟಗಳಿಗೆ ತಂದರು. ಸುಣ್ಣದ ತಿಳಿಯನ್ನು ಬಟ್ಟೆಯಲ್ಲಿ ಸೋಸದಿದ್ದರೆ ನಾಝಲ್ ಕಟ್ಟುತ್ತದೆ. ಸಂಜೆ ಪಂಪನ್ನು ತೊಳೆಯದಿದ್ದರೆ ಬೆಳಿಗ್ಗೆ ಕೈಕೊಡುತ್ತದೆ. ಬಣ್ಣದ ಯಂತ್ರವೂ ಇದೇ ಜಾತಿಯದು. ವಿಜ್ಞಾನ ಪಾಠ ಮಾಡಿದ ನನಗೆ ಹೊಳೆಯದ ಹೋಲಿಕೆ ಅವನಿಗೆ ಹೊಳೆದಿತ್ತು.

ಈ ಯಂತ್ರದ ಒಳಗುಟ್ಟು ಬಹಳ ಸರಳ. ಒಂದು ಮೋಟಾರು ಗಾಳಿಯನ್ನು ಎಳೆದು ಕೊಳವೆಯ ಮೂಲಕ ಗನ್ನಿಗೆ ಕಳುಹಿಸುತ್ತದೆ. ಗಾಳಿಯ ಪ್ರಮಾಣ ಹೆಚ್ಚು, ಒತ್ತಡ ಕಡಿಮೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ಇದನ್ನು ಎಚ್‌ವಿಎಲ್‌ಪಿ ಎನ್ನುತ್ತಾರೆ. ಆ ಗಾಳಿಯ ಒಂದು ಸಣ್ಣ ಪಾಲು ಬಣ್ಣದ ಪಾತ್ರೆಯೊಳಗೆ ಹೋಗಿ ಮೇಲಿನಿಂದ ಒತ್ತುತ್ತದೆ. ಬಣ್ಣ ನಳಿಕೆಯಲ್ಲಿ ಮೇಲೇರಿ ಬರುತ್ತದೆ. ಕುದುರೆ, ಅಂದರೆ ಬೆರಳಿನಿಂದ ಎಳೆಯುವ ಗುಂಡಿಯನ್ನು ಎಳೆದಾಗ ಸೂಜಿಯೊಂದು ಹಿಂದೆ ಸರಿದು ರಂಧ್ರ ತೆರೆಯುತ್ತದೆ. ಉಳಿದ ಗಾಳಿ ರಂಧ್ರದ ಸುತ್ತಲಿನಿಂದ ನುಗ್ಗಿ ಬಣ್ಣವನ್ನು ಮಂಜಿನಂತೆ ಒಡೆಯುತ್ತದೆ. ಹೀಗೆ ಮೂರು ದಾರಿಗಳು: ಗಾಳಿಯ ದಾರಿ, ಒತ್ತಡದ ದಾರಿ, ಬಣ್ಣದ ದಾರಿ. ಯಾವ ತೊಂದರೆ ಬಂದರೂ ಈ ಮೂರರಲ್ಲಿ ಒಂದು ಕಟ್ಟಿರುತ್ತದೆ, ಇಲ್ಲವೇ ಸೋರುತ್ತಿರುತ್ತದೆ; ಹಾಗಿಲ್ಲದಿದ್ದರೆ ತಪ್ಪು ಬಣ್ಣದ ಹದದಲ್ಲೋ ಕೈಯ ಚಲನೆಯಲ್ಲೋ ಇರುತ್ತದೆ.

ಬಣ್ಣದ ಹದವನ್ನು ನೋಡಲು ಯಂತ್ರದ ಜೊತೆಗೇ ತಳದಲ್ಲಿ ಸಣ್ಣ ರಂಧ್ರವಿರುವ ಒಂದು ಪ್ಲಾಸ್ಟಿಕ್ ಬಟ್ಟಲು ಬಂದಿತ್ತು. ನಾನದನ್ನು ಯಾವುದೋ ಮುಚ್ಚಳವೆಂದು ಬದಿಗಿಟ್ಟಿದ್ದೆ! ಬಟ್ಟಲನ್ನು ಬಣ್ಣದಲ್ಲಿ ಮುಳುಗಿಸಿ ಮೇಲೆತ್ತಿ, ಧಾರೆ ಕಡಿಯುವವರೆಗೆ ಎಷ್ಟು ಸೆಕೆಂಡು ಎಂದು ಎಣಿಸಬೇಕು. ಯಾವ ಬಣ್ಣಕ್ಕೆ ಎಷ್ಟು ಸೆಕೆಂಡು ಎಂಬುದು ಆಯಾ ಯಂತ್ರದ ಕೈಪಿಡಿಯಲ್ಲಿರುತ್ತದೆ. ಎನಾಮಲ್ಲಿಗೆ ಟರ್ಪೆಂಟೈನ್, ನೀರಿನ ಬಣ್ಣಕ್ಕೆ ನೀರು. ಲೀಟರಿಗೆ 100 ಮಿಲಿಲೀಟರಿನಿಂದ ಆರಂಭಿಸಿ, ಐವತ್ತೈವತ್ತು ಸೇರಿಸುತ್ತಾ, ಪ್ರತಿಸಲವೂ ಎಣಿಸಿ ನೋಡುವುದು ಅವನ ಕ್ರಮ. ಸೇರಿಸಿದ್ದನ್ನು ತೆಗೆಯಲಾಗದು, ಆದ್ದರಿಂದ ಆತುರ ಕೂಡದು. ಬಳಿಕ ತೆಳುವಾದ ನೈಲಾನ್ ಬಟ್ಟೆಯಲ್ಲಿ ಸೋಸಲೇಬೇಕು, ಹೊಸ ಡಬ್ಬಿಯಾದರೂ ಸರಿ.

ಕೈಯ ಚಲನೆಯನ್ನು ಅವನು ನನಗೆ ಹಳೆಯ ದಿನಪತ್ರಿಕೆಯ ಮೇಲೆ ಕಲಿಸಿದ. ಗನ್ನಿಗೂ ವಸ್ತುವಿಗೂ ಒಂದು ಗೇಣು ಅಂತರ. ಮಣಿಕಟ್ಟನ್ನು ಬೀಸಣಿಗೆಯಂತೆ ತಿರುಗಿಸದೆ ಇಡೀ ತೋಳನ್ನು ನೇರವಾಗಿ ಸರಿಸಬೇಕು. ಇಲ್ಲದಿದ್ದರೆ ನಡುವೆ ದಪ್ಪ, ಅಂಚಿನಲ್ಲಿ ತೆಳು. ಕೈ ಚಲಿಸಲು ತೊಡಗಿದ ಮೇಲೆ ಕುದುರೆ ಎಳೆಯಬೇಕು, ಕೈ ನಿಲ್ಲುವ ಮೊದಲೇ ಬಿಡಬೇಕು. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚಬೇಕು. ಮೊದಲ ಲೇಪನ ಮಂಜು ಕುಳಿತಂತೆ ತೆಳ್ಳಗಿರಲಿ. ಒಂದೇ ಸಲ ಮುಚ್ಚಿಬಿಡುವ ಆಸೆ ಬೇಡ.

ನಿಮ್ಮ ಉಪಯೋಗಕ್ಕಾಗಿ ಅವನು ಹೇಳಿದ ಲಕ್ಷಣಗಳನ್ನೂ ಚಿಕಿತ್ಸೆಗಳನ್ನೂ ಪಟ್ಟಿಮಾಡಿ ಕೊಡುತ್ತೇನೆ. ಏನನ್ನು ಬಿಚ್ಚುವ ಮುನ್ನವೂ ಪ್ಲಗ್ಗನ್ನು ಕೀಳಬೇಕೆಂಬುದು ಮೊದಲ ನಿಯಮ.

1. ಮೋಟಾರು ತಿರುಗುತ್ತದೆ, ಬಣ್ಣ ಬರುವುದಿಲ್ಲ: ಬಣ್ಣ ಗಟ್ಟಿಯಿದೆಯೇ, ರಂಧ್ರ ಕಟ್ಟಿದೆಯೇ, ಒಳನಳಿಕೆ ಸಡಿಲವಾಗಿದೆಯೇ, ಪಾತ್ರೆಯ ಮುಚ್ಚಳ ಗಾಳಿ ಬಿಡುತ್ತಿದೆಯೇ ಎಂದು ಈ ಕ್ರಮದಲ್ಲೇ ನೋಡಿ. ಗನ್ನನ್ನು ಮಲಗಿಸಿದ್ದರೆ ಬಣ್ಣವು ಪಾತ್ರೆಗೆ ಗಾಳಿ ಒಯ್ಯುವ ಸಣ್ಣ ಕೊಳವೆಯೊಳಗೆ ನುಗ್ಗಿ ಒಣಗಿರಬಹುದು. ನನ್ನ ಯಂತ್ರದಲ್ಲಿ ಆದದ್ದು ಇದೇ.

2. ಉಗುಳಿದಂತೆ ತಡೆತಡೆದು ಬರುತ್ತದೆ: ಪಾತ್ರೆಯಲ್ಲಿ ಬಣ್ಣ ಕಡಿಮೆಯಾಗಿರಬಹುದು. ನಳಿಕೆಯ ಬಾಗಿದ ತುದಿ ಬಣ್ಣವಿರುವ ಕಡೆಗೆ ತಿರುಗಿಲ್ಲದಿರಬಹುದು. ಕೆಳಮುಖವಾಗಿ ಹೊಡೆಯುವಾಗ ತುದಿ ಮುಂದಕ್ಕೆ, ಮಾಡಿನ ಕಡೆಗೆ ಹೊಡೆಯುವಾಗ ಹಿಂದಕ್ಕೆ ಇರಬೇಕು.

3. ಬಣ್ಣ ಇಳಿಯುತ್ತದೆ: ತೆಳುವಾಯಿತು, ಹತ್ತಿರವಾಯಿತು, ಅಥವಾ ಕೈ ನಿಧಾನವಾಯಿತು.

4. ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಗುತ್ತದೆ: ಬಣ್ಣ ಗಟ್ಟಿ, ಅಥವಾ ಗಾಳಿ ಸಾಲದು. ಗಾಳಿಯ ಸೋಸುಕ ಧೂಳಿನಿಂದ ತುಂಬಿರಬಹುದು. ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಕಾರಣವೂ ಉಂಟು: ವೋಲ್ಟೇಜ್ ಇಳಿದರೆ ಮೋಟಾರು ನಿಧಾನವಾಗುತ್ತದೆ. ತೆಳುವಾದ ಉದ್ದನೆಯ ವೈರಿನಲ್ಲಿ ಕರೆಂಟು ಎಳೆದರೂ ಅಷ್ಟೆ.

5. ಹಿಟ್ಟು ಉದುರಿಸಿದಂತೆ ಒರಟಾಗುತ್ತದೆ: ಗನ್ನು ದೂರವಾಯಿತು, ಅಥವಾ ಬಿಸಿಲಿಗೆ ಬಣ್ಣ ದಾರಿಯಲ್ಲೇ ಒಣಗಿತು.

ಇಷ್ಟು ಕಲಿತ ಬಳಿಕ ಯಂತ್ರದ ಯೋಗ್ಯತೆಯ ಬಗೆಗೂ ಒಂದು ಮಾತು ಹೇಳಬೇಕು. ಬೆತ್ತದ ಕುರ್ಚಿ, ಕೆತ್ತನೆಯ ಬಾಗಿಲು, ಪಟ್ಟಿಪಟ್ಟಿಯ ಕಿಟಕಿ ಬಾಗಿಲು, ಇಂಥ ಕುಂಚ ನುಸುಳದ ಜಾಗಗಳಿಗೆ ಇದಕ್ಕೆ ಸಮನಿಲ್ಲ. ವಾಸವಿರುವ ಮನೆಯ ಒಳಗೋಡೆಗೆ ರೋಲರೇ ಲೇಸು. ಇಂಥ ಸಣ್ಣ ಯಂತ್ರಕ್ಕಾಗಿ ಗೋಡೆಯ ಬಣ್ಣವನ್ನು ಬಹಳ ತೆಳು ಮಾಡಬೇಕಾಗುತ್ತದೆ. ಮುಚ್ಚುವ ಸಾಮಾನು, ಮುಚ್ಚುವ ಹೊತ್ತು ಎರಡೂ ಹೆಚ್ಚು. ಗ್ರಿಲ್ಲಿನಲ್ಲಿ ಸಮಯ ಉಳಿದರೂ ಸಂದುಗಳಿಂದ ಬಣ್ಣ ಪೋಲಾಗುತ್ತದೆ. ಹಿಂದೆ ರಟ್ಟು ಹಿಡಿಯಬೇಕು. ಯಂತ್ರವು ಕುಂಚದ ಹೊತ್ತನ್ನು ಉಳಿಸುತ್ತದೆ, ನಿಜ. ಆದರೆ ಉಜ್ಜುವ, ಹೊದಿಸುವ, ಸೋಸುವ, ತೊಳೆಯುವ ಹೊತ್ತನ್ನು ಹೆಚ್ಚಿಸುತ್ತದೆ. ಆ ಹುಡುಗನ ಕೈಯಲ್ಲಿ ನಮ್ಮ ಮನೆಯ ಕೆಲಸ ಎರಡು ಹಗಲುಗಳಲ್ಲಿ ಮುಗಿಯಿತು. ಆದರೆ ಎರಡು ದಿನವೂ ಅವನು ಬೆಳಿಗ್ಗೆ ಏಳಕ್ಕೇ ಬಂದು ಕಿಟಕಿ, ನೆಲ, ತುಳಸಿಕಟ್ಟೆಗಳಿಗೆ ಹಳೆಯ ಪಂಚೆ, ಕಾಗದಗಳನ್ನು ಹೊದಿಸುತ್ತಿದ್ದ. ಸಂಜೆ ಕತ್ತಲಾಗುವವರೆಗೆ ಯಂತ್ರ ಬಿಚ್ಚಿ ತೊಳೆಯುತ್ತಿದ್ದ. ತೊಳೆದ ಟರ್ಪೆಂಟೈನನ್ನು ಬಾವಿಯ ಕಡೆಗೆ ಚೆಲ್ಲದೆ ಡಬ್ಬಿಯಲ್ಲಿ ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನು ಮರುದಿನದ ಮೊದಲ ತೊಳೆತಕ್ಕೆ ಬಳಸುತ್ತಿದ್ದ.

ಈಗ ನನ್ನ ನಾಚಿಕೆಯ ಸಂಗತಿ. ಕೆಲಸ ಮುಗಿದ ಮೇಲೆ ಅವನು ಎರಡೂವರೆ ದಿನದ ಕೂಲಿ ಕೇಳಿದ. "ಎರಡು ದಿನ ತಾನೇ ಮಾರಾಯ?" ಎಂದೆ. "ಹೊದಿಸಿದ್ದು, ತೊಳೆದಿದ್ದು ಅಂತ ಅರ್ಧ ದಿನ ಸರ್" ಎಂದ. "ತೊಳೆದದ್ದಕ್ಕೂ ಕೂಲಿಯೇನೋ?" ಎಂದು ನಕ್ಕೆ. ಅವನೂ ನಕ್ಕ. "ಆಯ್ತು ಸರ್, ನಿಮಗೆ ಹೇಗೆ ಅನ್ಸುತ್ತೋ ಹಾಗೆ" ಎಂದು ಎರಡು ದಿನದ ಕೂಲಿಯನ್ನು ಎಣಿಸದೆ ಜೇಬಿಗಿಟ್ಟುಕೊಂಡು ಹೋದ. ಆರು ದಿನದ ಕೂಲಿ ಉಳಿಸಲು ಹೊರಟವನು ನಾಲ್ಕು ದಿನದ್ದನ್ನು ಉಳಿಸಿದ್ದೆ. ಆದರೂ ಅರ್ಧ ದಿನದ್ದನ್ನು ಕೊಡಲು ನನಗೆ ಮನಸ್ಸು ಬರಲಿಲ್ಲ. ಉಪನಯನ ಸಾಂಗವಾಗಿ ನೆರವೇರಿತು. ಬಂದವರೆಲ್ಲ ಬಾಗಿಲನ್ನು ಹೊಗಳಿದರು. ಯಂತ್ರದ ಸಾಹಸವನ್ನು ನಾನೇ ಮಾಡಿದವನಂತೆ ವರ್ಣಿಸಿದೆ.

ಮರುವರ್ಷ ಮಳೆಗೆ ಮೊದಲು ಹಿತ್ತಿಲ ಬಾಗಿಲಿನ ಕೆಲಸಕ್ಕೆ ಅವನನ್ನು ಮತ್ತೆ ಕರೆದೆ. ಮೆಟ್ಟಿಲು ಹತ್ತುವಾಗಲೇ ಕೆಮ್ಮುತ್ತಿದ್ದ. ಹೊಸ ಮನೆಯೊಂದರಲ್ಲಿ ಗೋಡೆ ಬೀರುಗಳಿಗೆ ಹೊಳಪಿನ ಪಾಲಿಷ್ ಹೊಡೆಯುವ ಕೆಲಸ ಹಿಡಿದಿದ್ದನಂತೆ. ಧೂಳು ಕೂರಬಾರದೆಂದು ಕಿಟಕಿ ಬಾಗಿಲುಗಳೆಲ್ಲ ಮುಚ್ಚಿದ್ದವು. ಮೂಗಿಗೆ ಒಂದು ಟವೆಲ್ ಕಟ್ಟಿದ್ದ, ಅಷ್ಟೆ. ನಾಲ್ಕನೆಯ ದಿನ ಎದೆ ಬಿಗಿದು ಆಸ್ಪತ್ರೆ ಸೇರಿದ. ಎರಡು ವಾರ ಕೆಲಸವಿಲ್ಲ. "ಆವಿ ತಡೆಯುವ ಮುಖಗವಸು ಹಾಕಬೇಕಿತ್ತಲ್ಲವೋ!" ಎಂದು ಮೇಷ್ಟರ ಗತ್ತಿನಲ್ಲಿ ಗದರಿದೆ. ಅವನು ತಾಳ್ಮೆಯಿಂದ ಹೇಳಿದ: "ಅದಕ್ಕೆ ಒಂದೆರಡು ದಿನದ ಕೂಲಿ ಬೇಕು ಸರ್. ಹಾಕ್ಕೊಂಡ್ರೆ ಆಗಾಗ ಹೊರಗೆ ಬಂದು ಬಿಚ್ಚಿ ಉಸಿರು ತಗೋಬೇಕು. ಆ ಹೊತ್ತನ್ನ ಯಾರು ಲೆಕ್ಕಕ್ಕೆ ಹಿಡೀತಾರೆ? ತೊಳೆದಿದ್ದನ್ನೇ ಹಿಡಿಯಲ್ಲ." ಅವನ ದನಿಯಲ್ಲಿ ಕಹಿಯಿರಲಿಲ್ಲ. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ.

ಆ ಮೇಲೆ ಈ ವಿಷಯವನ್ನು ಕುರಿತು ಓದತೊಡಗಿದೆ. ಬಣ್ಣ ಸಿಂಪಡಿಸುವ ವಿದ್ಯೆ ಹುಟ್ಟಿದ್ದು ಹೇಗೆ ಗೊತ್ತೇ? 1887ರ ಸುಮಾರಿಗೆ ಅಮೆರಿಕದ ಷಿಕಾಗೊ ನಗರದ ದೊಡ್ಡ ಅಂಗಡಿಯೊಂದರಲ್ಲಿ ಕಟ್ಟಡದ ಉಸ್ತುವಾರಿ ನೋಡುತ್ತಿದ್ದ ಜೋಸೆಫ್ ಬಿಂಕ್ಸ್ ಎಂಬಾತ ನೆಲಮಾಳಿಗೆಯ ಗೋಡೆಗಳಿಗೆ ಸುಣ್ಣ ಹೊಡೆಯಲು ಕೈಪಂಪಿನ ಯಂತ್ರ ಮಾಡಿದ. ಅದೇ ನಗರದಲ್ಲಿ 1893ರಲ್ಲಿ ನಡೆದ ವಿಶ್ವ ಪ್ರದರ್ಶನದ ಬೃಹತ್ ಕಟ್ಟಡಗಳಿಗೆ ಬೇಗ ಬಿಳಿ ಬಳಿಯಲು ಸಿಂಪಡಿಸುವ ಯಂತ್ರಗಳನ್ನೇ ಬಳಸಿದರು. (ನಮ್ಮ ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಆ ಪ್ರದರ್ಶನದ ಅಂಗವಾಗಿಯೇ.) ಇನ್ನೊಂದು ಕವಲು ಇನ್ನೂ ಸ್ವಾರಸ್ಯಕರ. ಒಹಾಯೊ ರಾಜ್ಯದ ಟೊಲೀಡೊ ಎಂಬ ಊರಿನ ವೈದ್ಯರಾದ ಆಲನ್ ಡಿವಿಲ್ಬಿಸ್ ಅವರು 1888ರಲ್ಲಿ ರೋಗಿಗಳ ಗಂಟಲಿಗೆ ಔಷಧಿಯನ್ನು ಮಂಜಿನಂತೆ ಸಿಂಪಡಿಸುವ ಸಾಧನವನ್ನು ರೂಪಿಸಿದರು. ಅವರ ಮಗ ಥಾಮಸ್ 1907ರಲ್ಲಿ ಅದೇ ತತ್ತ್ವದಿಂದ ಬಣ್ಣದ ಗನ್ನು ಮಾಡಿದ. ದ್ರವವನ್ನು ಗಂಟಲಿನ ಆಳಕ್ಕೆ ಇಳಿಯುವಷ್ಟು ಸೂಕ್ಷ್ಮವಾಗಿ ಒಡೆಯಲೆಂದೇ ಹುಟ್ಟಿದ ವಿದ್ಯೆ ಇದು. ಔಷಧಿ ಹೋಗುವ ದಾರಿಯಲ್ಲಿ ಬಣ್ಣವೂ ಹೋಗುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಬೇರೆ ಪಾಠ ಬೇಕೇ?

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1989ರಲ್ಲೇ ಬಣ್ಣ ಬಳಿಯುವವರ ವೃತ್ತಿಯನ್ನು ಕ್ಯಾನ್ಸರಿಗೆ ಕಾರಣವಾಗುವ ಸಂಗತಿಗಳ ಮೊದಲ ವರ್ಗದಲ್ಲಿ ಸೇರಿಸಿತು. 2010ರಲ್ಲಿ ಪ್ರಕಟವಾದ ಸಂಪುಟದಲ್ಲಿ ಅದನ್ನು ಮತ್ತೆ ದೃಢಪಡಿಸಿತು. ಎರಡು ಡಬ್ಬಿಗಳನ್ನು ಬೆರೆಸಿ ಹೊಡೆಯುವ ಪಾಲಿಯುರಿಥೇನ್ ಪಾಲಿಷಿನಲ್ಲಿರುವ ಐಸೊಸೈಯನೇಟ್‌ಗಳು ಉಬ್ಬಸವನ್ನು ತರಬಲ್ಲವು. ಬಟ್ಟೆಯ ಮುಸುಕು ಇದಾವುದನ್ನೂ ತಡೆಯದು. ಕೋವಿಡ್ ಕಾಲದಲ್ಲಿ ನಾವೆಲ್ಲ ಹಾಕಿಕೊಂಡ ಎನ್-95 ಹನಿಗಳನ್ನೂ ಧೂಳನ್ನೂ ತಡೆದೀತು, ತಿನ್ನರಿನ ಆವಿಯನ್ನಲ್ಲ. ಅದಕ್ಕೆ ಸಕ್ರಿಯ ಇದ್ದಿಲು ತುಂಬಿದ ಡಬ್ಬಿಗಳಿರುವ ಮುಖಗವಸು ಬೇಕು. ಆ ಡಬ್ಬಿಗಳನ್ನೂ ಕಾಲಕಾಲಕ್ಕೆ ಬದಲಿಸಬೇಕು. ಐಸೊಸೈಯನೇಟ್ ಇರುವ ಪಾಲಿಷಿಗಂತೂ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ವ್ಯವಸ್ಥೆಯೇ ಬೇಕು. ಮನೆಯಲ್ಲಿ ಅದನ್ನು ಸಿಂಪಡಿಸದಿರುವುದೇ ಲೇಸು. ಜೊತೆಗೆ ಕಿಟಕಿ ತೆರೆದಿರಬೇಕು, ಒಲೆ ದೀಪಗಳು ಆರಿರಬೇಕು. ಎನ್‌ಸಿ ತಿನ್ನರ್ ಅಂತೂ ಕಿಡಿ ಸೋಕಿದರೆ ಹೊತ್ತಿಕೊಳ್ಳುವಂಥದು. ಇಂಥ ವಿದ್ಯುತ್ ಯಂತ್ರಕ್ಕೆ ಅದನ್ನು ಹಾಕಬಹುದೇ ಎಂದು ಕೈಪಿಡಿ ನೋಡದೆ ಮುಟ್ಟಬೇಡಿ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬೇಡಿ, ನೀರು ಹಚ್ಚಿ ಉಜ್ಜಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂದು 2017ರ ನವೆಂಬರಿನಲ್ಲಿ ಜಾರಿಯಾಯಿತು. ಅದಕ್ಕೂ ಹಿಂದಿನ ಗ್ರಿಲ್ಲುಗಳ ಧೂಳಿನಲ್ಲಿ ಸೀಸ ಇರಬಹುದು, ಮೊಮ್ಮಕ್ಕಳನ್ನು ದೂರವಿಡಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಯಂತ್ರ ಕೆಡುವುದೂ ಮನುಷ್ಯ ಕೆಡುವುದೂ ಒಂದೇ ಕಾರಣಕ್ಕೆ. ಕಣ್ಣಿಗೆ ಕಾಣುವ ಬಣ್ಣಕ್ಕೆ ಮಾತ್ರ ನಾವು ಹಣ ಕೊಡುತ್ತೇವೆ. ಕಾಣದ ಕೆಲಸಕ್ಕೆ ಕೊಡುವುದಿಲ್ಲ. ತೊಳೆಯುವ ಹೊತ್ತಿಗೆ ಬೆಲೆಯಿಲ್ಲವೆಂದಾದರೆ ತೊಳೆಯದೆ ಇಡುತ್ತಾರೆ, ನಾಝಲ್ ಕಟ್ಟುತ್ತದೆ. ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಬೆಲೆಯಿಲ್ಲವೆಂದಾದರೆ ಗವಸು ಹಾಕದೆ ಹೊಡೆಯುತ್ತಾರೆ, ಎದೆ ಕಟ್ಟುತ್ತದೆ. ನಾಝಲನ್ನು ಟರ್ಪೆಂಟೈನಿನಲ್ಲಿ ನೆನೆಹಾಕಬಹುದು, ಶ್ವಾಸಕೋಶವನ್ನು ನೆನೆಹಾಕಲಾದೀತೇ?

"ಚದರಡಿಗೆ ಇಷ್ಟು ಎಂಬ ದರದಲ್ಲಿ ಅದೆಲ್ಲ ಸೇರಿಯೇ ಇರುತ್ತದಲ್ಲ" ಎಂದು ನನ್ನ ಭಾವಮೈದುನರು ವಾದಿಸಿದರು. ಸೇರಿದ್ದರೆ ಸಂತೋಷ. ಆದರೆ ಯಂತ್ರ ಬಂದೊಡನೆ "ಈಗ ಅರ್ಧ ಹೊತ್ತು ಸಾಕಲ್ಲ, ದರ ಇಳಿಸು" ಎನ್ನುವವರೂ ನಾವೇ. ಇಳಿಸಿದ ದರದಿಂದ ಮೊದಲು ಕಡಿತವಾಗುವುದು ಬಣ್ಣವಲ್ಲ, ಅದು ಕಣ್ಣಿಗೆ ಕಾಣುತ್ತದೆ. ಕಡಿತವಾಗುವುದು ಉಜ್ಜುವಿಕೆ, ತೊಳೆಯುವಿಕೆ ಮತ್ತು ಮುಖಗವಸು. "ಕೂಲಿಯವರು ಗವಸು ಕೊಟ್ಟರೂ ಹಾಕಿಕೊಳ್ಳುವುದಿಲ್ಲ" ಎಂಬ ಆಕ್ಷೇಪವೂ ಉಂಟು. ಅದರಲ್ಲಿ ಸ್ವಲ್ಪ ಸತ್ಯವಿದೆ; ಸೆಕೆಯಲ್ಲಿ ಅದು ಹಿಂಸೆಯೇ. ಆದರೆ ಬೇಗ ಮುಗಿಸು ಎಂದು ತಾಸಿಗೊಮ್ಮೆ ಇಣುಕಿ ನೋಡುವ ಯಜಮಾನನ ಎದುರು ಗವಸು ಬಿಚ್ಚಿ ನೆರಳಿನಲ್ಲಿ ಕೂರುವ ಧೈರ್ಯ ಯಾರಿಗೆ ಬಂದೀತು? ಆ ಹತ್ತು ನಿಮಿಷವೂ ಕೆಲಸದ ಹೊತ್ತೇ ಎಂದು ನಾವು ಬಾಯಿಬಿಟ್ಟು ಹೇಳಬೇಕು.

ಆದ್ದರಿಂದ, ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು ಊರಿನಲ್ಲಿ ಮನೆ ಕಟ್ಟಿಸುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಗುತ್ತಿಗೆ ಮಾತಾಡುವಾಗ ಬಣ್ಣದ ಕಂಪನಿ ಯಾವುದು, ಎಷ್ಟು ಕೋಟು ಎಂದು ಕೇಳುತ್ತೀರಿ. ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಿ: ಹೊದಿಸಿ ತೊಳೆಯುವ ಹೊತ್ತಿಗೆ ಎಷ್ಟು ಕೂಲಿ ಹಿಡಿದಿದ್ದೀರಿ? ಸಿಂಪಡಿಸುವವರ ಮುಖಗವಸಿಗೆ ಎಷ್ಟು ಹಿಡಿದಿದ್ದೀರಿ? ಉತ್ತರ ಬರದಿದ್ದರೆ ನೀವೇ ಸೇರಿಸಿ ಬರೆಯಿಸಿ. ಅದರಿಂದ ಮನೆಯ ಖರ್ಚೇನೂ ಮುಳುಗಿಹೋಗುವುದಿಲ್ಲ.

ಹಿತ್ತಿಲ ಬಾಗಿಲನ್ನು ಆ ಸಲ ಕುಂಚದಲ್ಲೇ ಮಾಡಿಸಿದೆ, ತೆರೆದ ಅಂಗಳದಲ್ಲಿ. ಶಿವಮೊಗ್ಗದಿಂದ ತರಿಸಿದ ಇದ್ದಿಲಿನ ಮುಖಗವಸನ್ನೂ, ಹಿಂದಿನ ವರ್ಷ ಉಳಿಸಿಕೊಂಡ ಅರ್ಧ ದಿನದ ಕೂಲಿಯನ್ನೂ ಅವನ ಮುಂದಿಟ್ಟೆ. ಗವಸನ್ನು ತಿರುಗಿಸಿ ತಿರುಗಿಸಿ ನೋಡಿದ. ಹಣವನ್ನು ಈ ಸಲ ಎಣಿಸಿಕೊಂಡ. "ಈಗ ಲೆಕ್ಕ ಸರಿಯಾಯ್ತು ಸರ್" ಎಂದ. ಅವನ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯಲ್ಲಿ 'ಲೆಕ್ಕ ತಪ್ಪು' ಎಂದು ನಾನು ಬರೆದದ್ದು ಎಷ್ಟು ಸಲವೋ!

ಕೊನೆಯದಾಗಿ, ನಿಮ್ಮ ಮಕ್ಕಳಿಗೆ ಕೊಡಲು ಒಂದು ಲೆಕ್ಕ: ಒಬ್ಬನು ಒಂದು ಬಾಗಿಲಿಗೆ ಯಂತ್ರದಿಂದ 20 ನಿಮಿಷಗಳಲ್ಲಿ ಬಣ್ಣ ಸಿಂಪಡಿಸುತ್ತಾನೆ. ಬಾಗಿಲನ್ನು ಉಜ್ಜಲು 1 ಗಂಟೆ, ಸುತ್ತಮುತ್ತ ಹೊದಿಸಲು 40 ನಿಮಿಷ, ಯಂತ್ರವನ್ನು ತೊಳೆಯಲು 30 ನಿಮಿಷ ಬೇಕು. ಹಾಗಾದರೆ ಅವನು ಮಾಡಿದ ಕೆಲಸ ಎಷ್ಟು ಹೊತ್ತಿನದು?

'20 ನಿಮಿಷ' ಎಂದು ಬರೆದವರಿಗೆ ಅಂಕವಿಲ್ಲ. ನಾನೂ ಹಾಗೆಯೇ ಬರೆದು ಕುಳಿತವನು.